ಮಾರಿಸ್ ಮೈನರ್ ಕಾರು: ಹಿಂದಿನ ಚಕ್ರಕ್ಕೆ ಟೆಲಿಸ್ಕೋಪಿಕ್ ಶಾಕಬ್ಸರ್ ಹಾಕಿಸ್ದೆ, ಹಂಪ್ ಇಳಿಯುವಾಗ "ಟಣ್" ಅಂತಿದೆ

ಹಳೇಗಾಡಿ_ಮೈಸೂರು:
ತಾತನ 1959ರ ಮಾರಿಸ್ ಮೈನರ್. ಹಿಂದಿನ ಚಕ್ರದ ಲಿವರ್ ಶಾಕಬ್ಸರಲ್ಲಿ (ತೋಳು ಇರೋ ಹಳೇ ಥರದ್ದು) ಆಯಿಲ್ ಸೋರ್ತಿತ್ತು, ಮೆಕ್ಯಾನಿಕ್ಕು ಬ್ರಾಕೆಟ್ ವೆಲ್ಡ್ ಮಾಡಿ ಯಾವ್ದೋ ಗಾಡಿದು ಟೆಲಿಸ್ಕೋಪಿಕ್ (ಕೊಳವೆಯೊಳಗೆ ರಾಡು ಹೋಗಿ ಬರೋದು) ಹಾಕಿದ್ರು. ಈಗ ಹಂಪ್ ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಮಾತ್ರ ಟಣ್ ಅಂತ ಒಂದೇಟು, ಬಗ್ಗಿ ನೋಡಿದ್ರೆ ಬ್ರಾಕೆಟ್ ಕೆಳಗಡೆ ಬಾಗಿದೆ. ಮುಂದಿನ ಚಕ್ರದ್ದೂ ಹಿಂಗೇ ಬದಲಾಯಿಸೋಣ ಅಂತಿದಾರೆ, ಏನ್ಮಾಡ್ಲಿ?

ಸ್ಪ್ಯಾನರ್_14:
ಇಳಿಯುವಾಗ ಅಂದ್ರೆ ಶಾಕಬ್ಸರ್ ಗಿಡ್ಡ ಆಯ್ತು ಸಾರ್. ಚಕ್ರ ಕೆಳಗೆ ಬೀಳ್ತಾ ರಾಡು ಪೂರ್ತಿ ಎಳೆದು ನಿಂತು ಇಡೀ ಆಕ್ಸಲ್ ಭಾರ ಆ ಬ್ರಾಕೆಟ್ಟಿಗೆ ನೇತಾಕ್ಕೊಳತ್ತೆ. ಬಾಡಿಗೆ ಸ್ಟ್ಯಾಂಡ್ ಕೊಟ್ಟು, ಶಾಕಬ್ಸರ್ ಬಿಚ್ಚಿ, ಆಕ್ಸಲ್ ನೇತಾಡಿಸಿ ಎರಡು ಬೋಲ್ಟಿನ ನಡುವೆ ಟೇಪ್ ಹಿಡೀರಿ. ಆಮೇಲೆ ಗಾಡಿ ನೆಲಕ್ಕಿಳ್ಸಿ ಅದೇ ಅಳತೆ ತಗೊಂಡು, ಅದ್ರಲ್ಲಿ ಬಂಪ್ ರಬ್ಬರಿಗೂ (ಆಕ್ಸಲ್ ಮೇಲೆ ಬಂದಾಗ ಬಾಡಿಗೆ ಬಡಿಯದಂಗೆ ತಡೆಯೋ ರಬ್ಬರ್) ಆಕ್ಸಲ್ಲಿಗೂ ಇರೋ ಗ್ಯಾಪ್ ಕಳೀರಿ, ರಬ್ಬರ್ ಅಮುಕೋದಕ್ಕೆ ಇನ್ನೊಂದು 20 ಮಿ.ಮೀ. ಬಿಡಿ. ಮೇಲೆ ರಬ್ಬರೇ ಮೊದಲು ತಾಗಬೇಕು, ಶಾಕಬ್ಸರ್ ಅಲ್ಲ.

ಟಾರ್ಷನ್_ಬಾರ್:
ಮುಂದಿಂದು ಮುಟ್ಟಬೇಡಿ ಗುರುವೇ!! ಮೈನರಲ್ಲಿ ಮುಂದಿನ ಲಿವರ್ ಶಾಕಬ್ಸರಿನ ತೋಳೇ ಸಸ್ಪೆನ್ಷನ್ನಿನ ಮೇಲಿನ ಆರ್ಮು, ಅದನ್ನ ತೆಗೆದ್ರೆ ಚಕ್ರ ಹಿಡಿಯೋಕೆ ಮೇಲೆ ಏನೂ ಇರಲ್ಲ. ಮುಂದುಗಡೆ ಗಾಡಿ ಎತ್ತರಕ್ಕೂ ಶಾಕಬ್ಸರಿಗೂ ಸಂಬಂಧ ಇಲ್ಲ, ಅದು ಟಾರ್ಷನ್ ಬಾರಿನ (ತಿರುಚಿಕೊಂಡು ಸ್ಪ್ರಿಂಗ್ ಥರ ಕೆಲಸ ಮಾಡೋ ಸರಳು) ಕೆಲಸ. ಆಯಿಲ್ ಕಮ್ಮಿಯಾದ್ರೆ ಪ್ಲಗ್ ಬಿಚ್ಚಿ ಡ್ಯಾಂಪರ್ ಆಯಿಲ್ ಹಾಕಿ, ಕೈಗೆ ಸಿಕ್ತು ಅಂತ ಬ್ರೇಕ್ ಆಯಿಲ್ ಸುರೀಬೇಡಿ.

ಹಳೇಗಾಡಿ_ಮೈಸೂರು:
ಅಳೆದೆ ಸಾರ್. ನೇತಾಡುವಾಗ 385 ಮಿ.ಮೀ., ನೆಲದ ಮೇಲೆ 330, ಗ್ಯಾಪ್ 60. ಶಾಕಬ್ಸರ್ ಪೂರ್ತಿ ಎಳೆದ್ರೂ 360ಕ್ಕೇ ನಿಲ್ಲತ್ತೆ. ಬೆಲ್ಟ್ ಕಟ್ಟಿ ಆಕ್ಸಲ್ ತಡೆದ್ರೆ ಆಗಲ್ವಾ?

ಸ್ಪ್ಯಾನರ್_14:
350ಕ್ಕೆ ಕಟ್ಟಿದ್ರೆ ಚಕ್ರ ಇಳಿಯೋಕೆ ಉಳಿಯೋದು ಬರೀ 20 ಮಿ.ಮೀ., ನಮ್ಮ ರೋಡಲ್ಲಿ ಸೊಂಟ ಉಳಿಯಲ್ಲ. ಎಳೆದಾಗ 400 ದಾಟಬೇಕು, ಒತ್ತಿದಾಗ 250ರೊಳಗೆ (330ರಲ್ಲಿ 60, ಮತ್ತೆ 20 ಕಳೆದು) ಬರಬೇಕು, ಅಂಥದ್ದು ಹುಡುಕಿ. ನನ್ನ ಕೇಳಿದ್ರೆ ಹಳೇ ಲಿವರನ್ನೇ ಸೀಲ್ ಹಾಕಿಸಿ ವಾಪಸ್ ಕೂರ್ಸಿ. ಗುಜರಿಗೆ ಹಾಕಿಲ್ಲ ತಾನೇ?

ಹಳೇಗಾಡಿ_ಮೈಸೂರು:
ಫೋನ್ ಮಾಡಿದ್ದೆ, ಗ್ಯಾರೇಜ್ ಅಟ್ಟದ ಮೇಲೆ ಬಿದ್ದಿದ್ಯಂತೆ. ನಾಳೆ ಬೆಳಗ್ಗೆನೇ ಹೋಗಿ ಎತ್ಕೊಂಡ್ ಬರ್ತೀನಿ.