ಸಹಾಯ ಬೇಕು: ಥಂಡರ್‌ಎಗ್ ಕ್ಯಾಬೋಶಾನ್‌ನಲ್ಲಿ ಅಂಚು ತಗ್ಗಾಗುತ್ತಿದೆ

ನಮಸ್ಕಾರ. ಥಂಡರ್‌ಎಗ್ (ಚಿಪ್ಪಿನೊಳಗೆ ಬೇರೆ ಕಲ್ಲು ತುಂಬಿದ ಉಂಡೆಗಲ್ಲು) ಕೊಯ್ದು ಕ್ಯಾಬೋಶಾನ್, ಅಂದರೆ ಮೇಲ್ಭಾಗ ಗುಮ್ಮಟದಂತೆ ಉಜ್ಜಿ ಹೊಳಪು ಕೊಟ್ಟ ಆಭರಣದ ಕಲ್ಲು, ಮಾಡುತ್ತಿದ್ದೇನೆ. ಕಲ್ಲುಗಳು ಅಮೆರಿಕದ ಒರೆಗಾನ್‌ನವು, ಮದ್ರಾಸ್ ಊರಿನ ಸುತ್ತಲಿನವು (ಹೌದು, ಅಲ್ಲೂ ಒಂದು ಮದ್ರಾಸ್ ಇದೆ). ಹೊರಗೆ ಗಂಟುಗಂಟಾದ ಕಂದು ರಯೋಲೈಟ್ (ಜ್ವಾಲಾಮುಖಿ ಶಿಲೆ) ಚಿಪ್ಪು, ಒಳಗೆ ನಕ್ಷತ್ರದಾಕಾರದ ಅಗೇಟ್ (ಸ್ಫಟಿಕ ಜಾತಿಯ ಗಟ್ಟಿ ಕಲ್ಲು) ತಿರುಳು. ಗುರುತಿನಲ್ಲಿ ಗೊಂದಲವಿಲ್ಲ, ತೊಂದರೆ ಸಾಣೆಯಲ್ಲಿ.

ಎಣ್ಣೆಯಲ್ಲಿ ಓಡುವ 10 ಇಂಚಿನ ವಜ್ರದ ಗರಗಸದಲ್ಲಿ 6 ಮಿ.ಮೀ. ಬಿಲ್ಲೆ ಕೊಯ್ದು, 30×22 ಮಿ.ಮೀ. ಅಂಡಾಕಾರ ಗುರುತು ಮಾಡಿ, ಅರಗಿನಿಂದ ಕಡ್ಡಿಗೆ ಕೂರಿಸಿದ್ದಾಗಿದೆ. ನೀರು ಬಿಟ್ಟುಕೊಂಡು 80 ಮತ್ತು 220ರ ಗಟ್ಟಿ ಚಕ್ರ (ಅಂಕಿ ಹೆಚ್ಚಿದಷ್ಟೂ ಉಜ್ಜುವ ಕಣ ಸಣ್ಣದು), ಆಮೇಲೆ 280, 600, 1200, 3000ರ ಮೆತ್ತನೆ ಚಕ್ರ, ಕೊನೆಗೆ ತೊಗಲಿನ ಮೇಲೆ ಹೊಳಪಿನ ಪುಡಿ ಸೀರಿಯಂ ಆಕ್ಸೈಡ್. ಅಗೇಟ್ ಕನ್ನಡಿಯಂತೆ ಬರುತ್ತದೆ. ಚಿಪ್ಪು ಮಾತ್ರ ಕೈಕೊಡುತ್ತಿದೆ. ಅದು ಮೆದು, ರಂಧ್ರ ಬೇರೆ. 280ರ ಚಕ್ರ ಅದರೊಳಕ್ಕೆ ಒತ್ತಿಕೊಂಡು ಅಗೇಟ್‌ಗಿಂತ ಬೇಗ ಸವೆಸುತ್ತದೆ. ಎರಡೂ ಸೇರುವ ಗಡಿಯಲ್ಲಿ ಉಗುರಿಗೆ ಸಿಗುವಷ್ಟು ಮೆಟ್ಟಿಲು. ರಂಧ್ರಗಳಲ್ಲಿ ಸೀರಿಯಂ ಕೂತು ಮಾಸಲು ಚುಕ್ಕೆ.

ತೆಳು ಸೂಪರ್‌ಗ್ಲೂ ಹಾಕಿದರೆ ಮೇಲ್ಪದರಕ್ಕಷ್ಟೇ ಇಳಿಯುತ್ತದೆ, ಗುಮ್ಮಟದ ಆಕಾರ ಕೊಡುವಾಗ 80ರಲ್ಲೇ ಹೊರಟುಹೋಗುತ್ತದೆ. ಗರಗಸದ ಎಣ್ಣೆ ಚಿಪ್ಪಿನೊಳಗೆ ಉಳಿದು ಅಂಟನ್ನು ತಡೆಯುತ್ತಿದೆ ಎಂಬ ಗುಮಾನಿ. ಪಾತ್ರೆ ಸೋಪಿನ ಬಿಸಿನೀರಿನಲ್ಲಿ ಎರಡು ದಿನ ನೆನೆಸಿದರೂ ಒಣಗಿದ ಮೇಲೆ ಜಿಡ್ಡಿನ ಕಲೆ ಕಾಣುತ್ತದೆ.

ಬಲ್ಲವರು ತಿಳಿಸಿ: ಬಿಲ್ಲೆಯನ್ನು ಬೆಚ್ಚಗೆ ಮಾಡಿ ತೆಳು ಎಪಾಕ್ಸಿ ಅಂಟು ಕುಡಿಸುವುದು ಕೊಯ್ದ ತಕ್ಷಣವೋ, 220 ಮುಗಿದ ಮೇಲೋ? ಮೆತ್ತನೆ ಚಕ್ರ ಬಿಟ್ಟು ಗಟ್ಟಿ ರೆಸಿನ್ ಚಕ್ರದಲ್ಲಿ 600ರವರೆಗೆ ಹೋದರೆ ಮೆಟ್ಟಿಲು ಕಡಿಮೆಯಾದೀತೇ? ಚಿಪ್ಪನ್ನೇ ಕತ್ತರಿಸಿ ಬಿಡಿ ಎನ್ನಬೇಡಿ, ನಕ್ಷತ್ರಕ್ಕೆ ಚೌಕಟ್ಟೇ ಅದು.