ಮನೆ ಪ್ರಾರ್ಥನೆಯಲ್ಲಿ ಬೇರೆಯವರಿಗಾಗಿ ಸ್ತೋತ್ರ (ದೇವರಿಗೆ ಕೃತಜ್ಞತೆ) ಹೇಳುವುದು ಹೇಗೆ?

ಬೆಟಗೇರಿಯ ಮಗಳು:
ಎಲ್ಲರಿಗೂ ವಂದನೆ. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆಯವರು. ಅವ್ವ ತೀರಿಕೊಂಡು ಏಳು ತಿಂಗಳಾಯಿತು. ಅಂದಿನಿಂದ ರಾತ್ರಿ ಊಟಕ್ಕೆ ಮುಂಚಿನ ಪ್ರಾರ್ಥನೆ ನನ್ನ ಪಾಲಿಗೆ ಬಂದಿದೆ. ಹೋದ ವಾರ ಮಗಳು ಕೇಳಿದಳು: "ಮಮ್ಮಿ, ಅಜ್ಜಿ ಎಲ್ಲಾರ ಹೆಸರು ಹೇಳ್ತಿದ್ಲು, ನೀ ಯಾಕ ಹೇಳೂದಿಲ್ಲ?"

ಹೌದು, ನನ್ನದು ಬರೀ ಬೇಡಿಕೆ. ಅತ್ತೆಯ ಮೊಣಕಾಲು, ಮಗಳ ಪರೀಕ್ಷೆ, ಮನೆಯವರ ಕೆಲಸ. ಸ್ತೋತ್ರ ಅಂದರೆ "ಬಂಧುಬಳಗದವರಿಗಾಗಿ ಸ್ತೋತ್ರ" ಅಂತ ಒಂದೇ ಸಾಲು. ಅವ್ವ ಹಾಗಲ್ಲ. ನಮ್ಮ ಓಣಿಗೆ ನಳ ಬರುವುದೇ ಅಪರೂಪ, ಅದೂ ಎಷ್ಟೋ ಸಲ ನಡುರಾತ್ರಿ. ಎದುರು ಮನೆಯ ಅಜ್ಜಿ ಎದ್ದು ಬಂದು ನಮ್ಮ ಚಿಲಕ ಬಡಿಯುತ್ತಿದ್ದರು. ಮರುದಿನ ಅವ್ವ, "ತಂದೆಯೇ, ರಾತ್ರಿ ನಮ್ಮನ್ನ ಎಬ್ಬಿಸಿದ ಆ ತಾಯಿಗಾಗಿ ಸ್ತೋತ್ರ, ತುಂಬಿದ ಎಂಟು ಕೊಡಕ್ಕ ಸ್ತೋತ್ರ" ಅನ್ನುತ್ತಿದ್ದಳು. ಆ ಅಜ್ಜಿ ನಮ್ಮ ಸಭೆಯವರಲ್ಲ, ಲಿಂಗಾಯತರು. ಅವ್ವನಿಗೆ ಅದು ಲೆಕ್ಕಕ್ಕೇ ಇರಲಿಲ್ಲ.

ಇನ್ನೊಂದು ಕಷ್ಟ ಇದೆ. ಆಸ್ತಿ ವಿಷಯಕ್ಕೆ ಅಣ್ಣ ಎರಡು ವರ್ಷದಿಂದ ನಮ್ಮ ಜೊತೆ ಮಾತು ಬಿಟ್ಟಿದ್ದಾನೆ. ಅವನ ಹೆಸರಿಗೆ ಬಂದರೆ ನಾಲಿಗೆ ಏಳುವುದಿಲ್ಲ. ಅವನಿಗಾಗಿ ಸ್ತೋತ್ರ ಅಂದರೆ ಸುಳ್ಳು ಹೇಳಿದ ಹಾಗೆ ಆಗುವುದಿಲ್ಲವೇ?

ಧಾರವಾಡದ ಸಂಡೇ ಸ್ಕೂಲ್ ಟೀಚರ್:
ತಂಗಿ, ನಿಮ್ಮ ಅವ್ವ ಮಾಡುತ್ತಿದ್ದದ್ದು ಬೈಬಲಿನಲ್ಲಿ ಸಭೆಗಳಿಗೆ ಪತ್ರ ಬರೆದ ಪೌಲನ ರೀತಿ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ತೆಗೆಯಿರಿ. ಹೆಸರಿನ ಪಟ್ಟಿ ಅಂತ ನಾವು ಬೇಗ ಬೇಗ ಓದಿ ಮುಗಿಸುತ್ತೇವೆ, ಅಲ್ವಾ? ನಿಧಾನಕ್ಕೆ ಓದಿ. ಫೊಯಿಬೆ ಅನೇಕರಿಗೆ ನೆರವಾದವಳು. ಪ್ರಿಸ್ಕ, ಅಕ್ವಿಲ ಇವನ ಪ್ರಾಣಕ್ಕಾಗಿ ತಮ್ಮ ಕುತ್ತಿಗೆಯನ್ನೇ ಒಡ್ಡಿದವರು. ರೂಫನ ತಾಯಿ ಇವನಿಗೂ ತಾಯಿ. ಸುಮ್ನೆ "ಒಳ್ಳೆಯವರು" ಅಂದು ಬಿಡುವುದಿಲ್ಲ, ಒಬ್ಬೊಬ್ಬರು ಏನು ಮಾಡಿದರು ಅಂತ ಹೇಳುತ್ತಾನೆ.

ಫಿಲಿಪ್ಪಿಯವರಿಗೆ ಬರೆದದ್ದಂತೂ ಬೇಡಿಯಲ್ಲಿದ್ದುಕೊಂಡು. ನಿಮ್ಮನ್ನು ನೆನೆದಾಗಲೆಲ್ಲ ನನ್ನ ದೇವರಿಗೆ ಸ್ತೋತ್ರ ಅನ್ನುತ್ತಾನೆ. ಪತ್ರದ ಕೊನೆಗೆ, ಥೆಸಲೋನಿಕದಲ್ಲಿದ್ದಾಗ ಒಂದೆರಡು ಸಲ ಇವರು ನೆರವು ಕಳಿಸಿದ್ದನ್ನೂ ಮರೆಯದೆ ಬರೆಯುತ್ತಾನೆ. ಎಂಟು ಕೊಡ ನೀರಿನ ಹಾಗೆಯೇ ಅದು.

ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ಇವತ್ತು ನಿನಗೆ ಯಾರು ಏನು ಮಾಡಿದರು? ಒಬ್ಬರನ್ನು ಹೇಳು ಸಾಕು. ಒಬ್ಬ ಹುಡುಗ ತಿಂಗಳುಗಟ್ಟಲೆ ಬಸ್ ಕಂಡಕ್ಟರ್‌ಗಾಗಿಯೇ ಸ್ತೋತ್ರ ಹೇಳಿದ. ಓಡಿ ಬರುತ್ತಿದ್ದರೆ ಅವರು ಸೀಟಿ ಹೊಡೆದು ಬಸ್ ನಿಲ್ಲಿಸುತ್ತಿದ್ದರಂತೆ.

ಮಂಗಳೂರಿನಿಂದ:
ನಾವು ಕೊಂಕಣಿ ಕಥೋಲಿಕರು. ರಾತ್ರಿ ಜಪಸರ ಮುಗಿದ ಮೇಲೆ ಮಕ್ಕಳು ಹಿರಿಯರ ಹತ್ತಿರ ಹೋಗಿ ಬೆಸಾಂವ್ ಬೇಡುತ್ತಾರೆ. ಆಶೀರ್ವಾದ ಅಂತ ಅರ್ಥ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಎಲ್ಲರೂ ಸೇರಿ ಹೊಸ ಅಕ್ಕಿ ಉಣ್ಣುವಾಗ, ಬರಲಾಗದವರ ಹೆಸರನ್ನು ನಮ್ಮಮ್ಮ ಒಂದೊಂದಾಗಿ ಹೇಳುತ್ತಾರೆ. ದುಬೈಯಲ್ಲಿರುವ ನನ್ನ ತಮ್ಮ ಫೋನಿನಲ್ಲಿ ಅದನ್ನು ಕೇಳಿಸಿಕೊಳ್ಳುತ್ತಾನೆ. ಆಗ ಅವನು ಮಾತಾಡುವುದೇ ಇಲ್ಲ.

ಹೊಸಬ:
ಅಣ್ಣನ ಬಗ್ಗೆ ಒಂದು ಮಾತು. ಕೊರಿಂಥದವರಿಗೆ ಬರೆದ ಮೊದಲನೇ ಪತ್ರದಲ್ಲಿ ಪೌಲ ಮೊದಲು ಸ್ತೋತ್ರ ಹೇಳಿ, ಮೊದಲ ಅಧ್ಯಾಯದ 11ನೇ ವಚನಕ್ಕೇ ನಿಮ್ಮೊಳಗೆ ಜಗಳವಿದೆ ಅಂತ ಕೇಳಿದ್ದೇನೆ ಅನ್ನುತ್ತಾನೆ. ಅವನ ಸ್ತೋತ್ರ ಅವರ ನಡತೆಗಲ್ಲ, ದೇವರು ಅವರಿಗೆ ಕೊಟ್ಟ ಕೃಪೆಗೆ. ಜಗಳವನ್ನು ಮುಚ್ಚಿಡಲೂ ಇಲ್ಲ. ಗಲಾತ್ಯದವರ ಪತ್ರದಲ್ಲಿ ಅಷ್ಟೂ ಇಲ್ಲ. ವಂದನೆ ಮುಗಿದದ್ದೇ ತಡ, ಇಷ್ಟು ಬೇಗ ತಿರುಗಿಬಿಟ್ಟಿರಲ್ಲ ಅಂತ ಶುರು ಮಾಡುತ್ತಾನೆ. ಬಾರದ ಸ್ತೋತ್ರವನ್ನು ಬಲವಂತದಿಂದ ತರಬೇಡಿ ಅಕ್ಕ. ಸದ್ಯಕ್ಕೆ ಅವರ ಹೆಸರು ಮಾತ್ರ ಹೇಳಿ.

ಧಾರವಾಡದ ಸಂಡೇ ಸ್ಕೂಲ್ ಟೀಚರ್:
ತಮ್ಮ ಹೇಳಿದ್ದು ಸರಿ. ಆದರೆ ಹೆಸರು ಹೇಳುವುದನ್ನು ಮಾತ್ರ ಬಿಡಬೇಡ ತಂಗಿ. ತಿಮೊಥೆಯನಿಗೆ ಬರೆದ ಮೊದಲನೇ ಪತ್ರದ 2:1ರಲ್ಲಿ ಬೇಡಿಕೆಯ ಜೊತೆಗೇ ಸ್ತೋತ್ರವೂ ಇದೆ, ಅದೂ ಎಲ್ಲ ಮನುಷ್ಯರಿಗಾಗಿ. ಹಳೆಯದು ಏನಾದರೂ ನೆನಪಿಗೆ ಬರುತ್ತದಾ ನೋಡು.

ಬೆಟಗೇರಿಯ ಮಗಳು:
ಎಲ್ಲರಿಗೂ ತುಂಬಾ ಉಪಕಾರ. ನಾಲ್ಕು ದಿನ ಬರೀ ಹೆಸರು ಹೇಳಿದೆ. ನಿನ್ನೆ ಒಂದು ನೆನಪಾಯಿತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅಣ್ಣ ಒಂಬತ್ತು ರಾತ್ರಿ ಸ್ಟೂಲಿನ ಮೇಲೆ ಕೂತೇ ಕಳೆದಿದ್ದ. ಗೋಡೆಗೆ ತಲೆ ಆನಿಸಿದರೆ ನಿದ್ದೆ ಬರುತ್ತದೆ ಅಂತ ಸ್ಟೂಲನ್ನು ಗೋಡೆಯಿಂದ ದೂರ ಎಳೆದುಕೊಂಡಿದ್ದ. ಆ ಒಂಬತ್ತು ರಾತ್ರಿಗಾಗಿ ಸ್ತೋತ್ರ ಅಂದೆ. ಅಷ್ಟೇ ಹೇಳಲಾಯಿತು. ಆಸ್ತಿಯ ಮಾತು ಎತ್ತಲಿಲ್ಲ.

ಮಗಳು "ಆಮೆನ್" ಅಂದು ಕಣ್ಣು ಬಿಟ್ಟವಳೇ, "ಯಾವ ಸ್ಟೂಲು ಮಮ್ಮಿ?" ಅಂದಳು. ಊಟ ಬಡಿಸುತ್ತಾ ಅವಳ ಮಾವನ ಕಥೆ ಹೇಳಿದೆ.