ಲಾರಿ ಗೆದ್ದಿತು, ಪಕ್ಷ ಯಾಕೆ ಗೆಲ್ಲಲಿಲ್ಲ?

ಬೆಟಗೇರಿ ಹುಡುಗ:
ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಮನೆಯಲ್ಲಿ ದೊಡ್ಡ ವಾದ ನಡೆಯಿತು. ವಿಆರ್‌ಎಲ್ ಲಾರಿ ಕಂಪನಿಯ ವಿಜಯ ಸಂಕೇಶ್ವರರು ವ್ಯಾಪಾರಿ, ರಾಜಕೀಯಕ್ಕೆ ಹೋಗಲೇಬಾರದಿತ್ತು, ಅದಕ್ಕೇ ಸೋತರು ಅಂತ ಅಪ್ಪ. ಹೋಗಿದ್ದು ಸರಿ, ಬಿಜೆಪಿ ಬಿಟ್ಟಿದ್ದು ತಪ್ಪು ಅಂತ ಕಾಕಾ. ರೊಟ್ಟಿ ಆರಿತು, ವಾದ ಆರಲಿಲ್ಲ. ನಮ್ಮ ಗದಗಿನ ಪ್ರಿಂಟಿಂಗ್ ಪ್ರೆಸ್ ಮನೆತನದ ಮಗ 1976ರಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ್ದು ಎಲ್ಲರಿಗೂ ಗೊತ್ತು. 1996, 1998, 1999ರಲ್ಲಿ ಧಾರವಾಡ ಉತ್ತರದಿಂದ ಮೂರು ಸಲ ಎಂಪಿ ಆದರು. ಆಮೇಲೆ ಬಿಜೆಪಿ ಬಿಟ್ಟು ‘ಕನ್ನಡ ನಾಡು’ ಅಂತ ಪಕ್ಷ ಕಟ್ಟಿದರು. 2004ರ ಚುನಾವಣೆಯ ನಂತರ ಅದರ ಸದ್ದೇ ಅಡಗಿತು. ನಾನಾಗ ಮೂರು ವರ್ಷದವ. ಒಂದು ಲಾರಿ ಸಾವಿರಾರು ಆಯ್ತು, ಪಕ್ಷ ಯಾಕೆ ಬೆಳೆಯಲಿಲ್ಲ? ಹಿರಿಯರು ಹೇಳಿ.

ಸಪ್ತಾಪುರದ ಮೇಷ್ಟ್ರು:
ಉತ್ತರ ಸರಳ. ಎಂಪಿ ಆದಾಗ ಬಿದ್ದ ಮತಗಳು ಅವರವಲ್ಲ, ಬಿಜೆಪಿಯದು. 1996ಕ್ಕೆ ಮುಂಚೆ ಈ ಕ್ಷೇತ್ರ ಕಾಂಗ್ರೆಸ್ಸಿನ ಡಿ.ಕೆ. ನಾಯ್ಕರ್ ಅವರದಾಗಿತ್ತು. ಈದ್ಗಾ ಮೈದಾನದಲ್ಲಿ ರಾಷ್ಟ್ರಧ್ವಜ ಹಾರಿಸುವ ಗಲಾಟೆ, 1994ರ ಗೋಲಿಬಾರ್ ಆದ ಮೇಲೆ ಹುಬ್ಬಳ್ಳಿಯ ಗಾಳಿಯೇ ತಿರುಗಿತು. 1996ರಲ್ಲಿ ಆ ಗಾಳಿಗೆ ಸಿಕ್ಕ ಅಭ್ಯರ್ಥಿ ಇವರು. 2004ರಲ್ಲಿ ಇಲ್ಲಿ ಬಿಜೆಪಿಯಿಂದ ಪ್ರಹ್ಲಾದ ಜೋಶಿ ಮೊದಲ ಸಲ ನಿಂತರು, ಗೆದ್ದರು. ಇವತ್ತಿಗೂ ಗೆಲ್ಲುತ್ತಲೇ ಇದ್ದಾರೆ. ಇನ್ನೇನು ಸಾಕ್ಷಿ ಬೇಕು?

ದುರ್ಗದಬೈಲ್ ಅಕ್ಕ:
ಮೇಷ್ಟ್ರೇ, ಅಷ್ಟು ಸರಳ ಅಲ್ಲ. 1999 ನೆನಪು ಮಾಡಿಕೊಳ್ಳಿ. ಚುನಾವಣೆಗೆ ಮುಂಚೆ ಕಾಂಗ್ರೆಸ್ಸಿನ ಎಸ್.ಎಂ. ಕೃಷ್ಣ ಅವರ ಪಾಂಚಜನ್ಯ ಪ್ರಚಾರ ಯಾತ್ರೆ, ಆಮೇಲೆ ರಾಜ್ಯದಲ್ಲಿ ಕಾಂಗ್ರೆಸ್ ಸರ್ಕಾರ. 28 ಲೋಕಸಭಾ ಸೀಟಿನಲ್ಲಿ ಕಾಂಗ್ರೆಸ್ಸಿಗೆ 18, ಬಿಜೆಪಿಗೆ ಬರೀ 7. ಆ ಏಳರಲ್ಲಿ ಸಂಕೇಶ್ವರರೂ ಒಬ್ಬರು. ಗಾಳಿ ಎದುರಿಗೆ ಬೀಸುವಾಗಲೂ ಗೆದ್ದವರನ್ನು ಬರೀ ಗಾಳಿಯಲ್ಲಿ ಬಂದವರು ಅಂದರೆ ಹೇಗೆ? 2004ರಲ್ಲಿ ಬಿಜೆಪಿಗೆ 18 ಬಂದವು. ಗಾಳಿಯ ಮಾತು ಆಡುವುದಾದರೆ ಆ ವರ್ಷಕ್ಕೆ ಆಡಿ.

ಸಪ್ತಾಪುರದ ಮೇಷ್ಟ್ರು:
1999ರ ಲೆಕ್ಕ ಒಪ್ಪಿದೆ. ಆದರೂ ಹುಬ್ಬಳ್ಳಿ-ಧಾರವಾಡ ಬೇರೆ, ರಾಜ್ಯ ಬೇರೆ.

ಹಳೇ ಲಾರಿ ಮಾಲೀಕ:
ನಾನು ಇಪ್ಪತ್ತೆರಡು ವರ್ಷ ಎರಡು ಲಾರಿ ಓಡಿಸಿದವ. ನಮ್ಮ ಕಡೆಯಿಂದ ಒಂದು ಮಾತು. ನಾವೆಲ್ಲ ಮಾಡುತ್ತಿದ್ದುದು ಫುಲ್ ಲೋಡ್ ಧಂದೆ. ಎಪಿಎಂಸಿಯಲ್ಲಿ ಒಬ್ಬ ದಲಾಲ ಕರೆಯುತ್ತಾನೆ, ಮೆಣಸಿನಕಾಯಿನೋ ಹತ್ತಿನೋ ತುಂಬುತ್ತೇವೆ, ಬಾಡಿಗೆ ಮಾತಾಡುತ್ತೇವೆ, ಹೊರಡುತ್ತೇವೆ. ವಾಪಸ್ ಲೋಡು ಸಿಗದಿದ್ದರೆ ಖಾಲಿ ಬರಬೇಕು, ಡೀಸೆಲ್ ಕೈಯಿಂದ. ಸಂಕೇಶ್ವರರು 1978ರಲ್ಲಿ ಹುಬ್ಬಳ್ಳಿಗೆ ಬಂದರು, ಪಾರ್ಸಲ್ ಧಂದೆ ಹಿಡಿದರು. ಒಂದು ಲಾರಿಯಲ್ಲಿ ಇನ್ನೂರು ಜನರ ಗಂಟು. ಒಬ್ಬನದು ಸೀರೆ, ಇನ್ನೊಬ್ಬನದು ಪಂಪ್‌ಸೆಟ್ ಬಿಡಿಭಾಗ. ಊರೂರಿಗೆ ಬುಕಿಂಗ್ ಆಫೀಸು, ಗೋಡೌನ್, ಹಮಾಲರು. ಒಬ್ಬ ಗಿರಾಕಿ ಕೈಬಿಟ್ಟರೂ ಲಾರಿ ನಿಲ್ಲುವುದಿಲ್ಲ.

ಈಗ ರಾಜಕೀಯಕ್ಕೆ ಬನ್ನಿ. ಎಂಪಿ ಆಗಿದ್ದಾಗ ಅವರಿಗೆ ಸಿಕ್ಕಿದ್ದು ಫುಲ್ ಲೋಡು. ತುಂಬಿ ಕೊಟ್ಟಿದ್ದು ಪಕ್ಷ. ಸ್ವಂತ ಪಕ್ಷ ಅಂದರೆ ಪಾರ್ಸಲ್. ಮನೆ ಮನೆ ಗಂಟು ಎತ್ತಬೇಕು. ಲಾರಿಯಲ್ಲಿ ಆ ಜಾಲ ಹೆಣೆಯೋಕೆ ಇಪ್ಪತ್ತು ವರ್ಷ ಕೊಟ್ಟರು. ಪಕ್ಷಕ್ಕೆ ಎಷ್ಟು ಕೊಟ್ಟರು? ಒಂದು ಚುನಾವಣೆ.

ದುರ್ಗದಬೈಲ್ ಅಕ್ಕ:
ಹೌದ್ರಿ, ಇದು ಮಾತು! ಆದರೆ ಪೇಪರ್ ಮರೆತಿರಿ. 1999ರಲ್ಲಿ ‘ವಿಜಯ ಕರ್ನಾಟಕ’ ಶುರು ಮಾಡಿದರು. ಕಡಿಮೆ ಬೆಲೆ, ಜಾಸ್ತಿ ಆವೃತ್ತಿ. ಕೆಲವೇ ವರ್ಷದಲ್ಲಿ ಕನ್ನಡದ ನಂಬರ್ ಒನ್. ಅಲ್ಲಿ ಇಪ್ಪತ್ತು ವರ್ಷ ಬೇಕಾಗಲಿಲ್ಲ, ಅಲ್ವಾ?

ಹಳೇ ಲಾರಿ ಮಾಲೀಕ:
ಪೇಪರ್ ಚೆನ್ನಾಗಿದ್ದರೆ ನಾಳೆಯಿಂದ ಹಾಕಿಸಿಕೊಳ್ಳುತ್ತೇನೆ, ಬೇಡವಾದರೆ ಮುಂದಿನ ತಿಂಗಳು ಬಿಡುತ್ತೇನೆ ಅಕ್ಕಾ. ಮತ ಐದು ವರ್ಷಕ್ಕೊಂದೇ. ಗೆಲ್ಲುವವರಿಗೆ ಹಾಕೋಣ ಅನ್ನುತ್ತಾರೆ ಜನ.

ಹಾನಗಲ್ಲಿನವ:
ಸುಮ್ನೆ ಓದುತ್ತಿದ್ದೆ, ತಡೆಯಲಾಗಲಿಲ್ಲ. ಪಕ್ಷ ಬಿಟ್ಟಿದ್ದೇ ತಪ್ಪು ಅನ್ನುವ ಕಾಕಾನಿಗೆ ನಮ್ಮ ಹಾನಗಲ್ ಶಾಸಕರಾಗಿದ್ದ ಸಿ.ಎಂ. ಉದಾಸಿಯವರನ್ನು ತೋರಿಸಿ. 1983ರಲ್ಲಿ ಪಕ್ಷೇತರ, 1985ರಲ್ಲಿ ಜನತಾ ಪಕ್ಷ, 1994ರಲ್ಲಿ ಜನತಾದಳ, 2004, 2008, 2018ರಲ್ಲಿ ಬಿಜೆಪಿ. ಆರು ಸಲ ಗೆದ್ದರು. ನಡುವೆ ಕಾಂಗ್ರೆಸ್ಸಿನ ಮನೋಹರ ತಹಸೀಲ್ದಾರರ ಕೈಯಲ್ಲಿ ಸೋತರು, ಮತ್ತೆ ಎದ್ದರು. ನಮ್ಮೂರಲ್ಲಿ ಚುನಾವಣೆ ಅಂದರೆ ‘ಉದಾಸಿಯೋ ತಹಸೀಲ್ದಾರರೋ’ ಅಂತಲೇ ಕೇಳುತ್ತಿದ್ದರು. ಪಕ್ಷ ಯಾವುದು ಅಂತ ಆಮೇಲೆ. ಒಂದೇ ತಾಲೂಕು ಹಿಡಿದು ಸುಮಾರು ನಲವತ್ತು ವರ್ಷ ಕುಳಿತರು. ಸಂಕೇಶ್ವರರು ಮೊದಲು ಒಂದು ವಿಧಾನಸಭಾ ಕ್ಷೇತ್ರ ಗಟ್ಟಿ ಮಾಡಿಕೊಳ್ಳಬೇಕಿತ್ತು. ನೇರ ರಾಜ್ಯಕ್ಕೇ ಕೈ ಹಾಕಿದರು.

ಸಪ್ತಾಪುರದ ಮೇಷ್ಟ್ರು:
ಒಂದು ವರ್ಷ ನೀವೇ ಬಿಟ್ಟಿರಿ. 2013! ಉದಾಸಿಯವರು ಮಂತ್ರಿ ಪದವಿ ಬಿಟ್ಟು ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕಟ್ಟಿದ ಕೆಜೆಪಿಗೆ (ಕರ್ನಾಟಕ ಜನತಾ ಪಕ್ಷ) ಹೋದರು, ಸೋತರು. ಯಡಿಯೂರಪ್ಪನವರಂಥವರು ಕಟ್ಟಿದ ಪಕ್ಷಕ್ಕೇ ವಿಧಾನಸಭೆಯಲ್ಲಿ ಬಂದಿದ್ದು 6 ಸೀಟು. ಬಂಗಾರಪ್ಪನವರ ಕೆಸಿಪಿಗೆ (ಕರ್ನಾಟಕ ಕಾಂಗ್ರೆಸ್ ಪಕ್ಷ) 1994ರಲ್ಲಿ 10. ಹೊಸ ಪಕ್ಷಕ್ಕೆ ಕರ್ನಾಟಕದ ಮಣ್ಣು ಒಗ್ಗುವುದಿಲ್ಲ. ವ್ಯಾಪಾರಿ ಆಗಿದ್ದಕ್ಕೆ ಸೋತರು ಅನ್ನುವ ನಿಮ್ಮಪ್ಪನ ಮಾತನ್ನೂ ನಾನು ಒಪ್ಪುವುದಿಲ್ಲ ತಮ್ಮಾ.

ಹಾನಗಲ್ಲಿನವ:
2013 ಬೇಕಂತಲೇ ಬಿಟ್ಟಿದ್ದಲ್ಲ ಮೇಷ್ಟ್ರೇ. ಹಾಂ, ಸ್ವಲ್ಪ ಬೇಕಂತಲೇ.

ದುರ್ಗದಬೈಲ್ ಅಕ್ಕ:
ನನಗೆ ಅನ್ನಿಸೋದು ಇಷ್ಟು. ನಷ್ಟದ ಶಾಖೆಯನ್ನು ಬೇಗ ಮುಚ್ಚುವವನೇ ಒಳ್ಳೇ ವ್ಯಾಪಾರಿ. ರಾಜಕೀಯದಲ್ಲಿ ನಷ್ಟದ ಅಂಗಡಿಯನ್ನೇ ಹತ್ತು ವರ್ಷ ತೆರೆದಿಡಬೇಕು. ಅವರು ವ್ಯಾಪಾರಿಯ ಹಾಗೇ ನಡೆದುಕೊಂಡರು. 2006ರಲ್ಲಿ ಪೇಪರನ್ನು ಟೈಮ್ಸ್ ಗುಂಪಿಗೆ ಮಾರಿದರು, 2012ರಲ್ಲಿ ‘ವಿಜಯವಾಣಿ’ ಶುರು ಮಾಡಿದರು. 2015ರಲ್ಲಿ ಲಾರಿ ಕಂಪನಿ ಷೇರುಪೇಟೆಗೆ ಬಂತು, 2020ರಲ್ಲಿ ಪದ್ಮಶ್ರೀ. ಪಕ್ಷಕ್ಕೇ ಅಂಟಿಕೊಂಡಿದ್ದರೆ ಇದೆಲ್ಲ ಆಗುತ್ತಿತ್ತಾ?

ಬೆಟಗೇರಿ ಹುಡುಗ:
ಎಲ್ಲವನ್ನೂ ಕಾಕಾನಿಗೆ ಓದಿ ಹೇಳಿದೆ. ಉದಾಸಿ ವಿಷಯಕ್ಕೆ ಸುಮ್ಮನಾದರು. ಪಾರ್ಸಲ್ ಮಾತು ಕೇಳಿ, “ಹೇಳಿದವರು ಯಾರು, ಅವರ ಲಾರಿ ಇನ್ನೂ ಓಡ್ತಾವೇನು?” ಅಂತ ಕೇಳಿದರು.

ಹಳೇ ಲಾರಿ ಮಾಲೀಕ:
ಎರಡೂ ಮಾರಿದೆ. ಈಗ ಮಗನ ಅಂಗಡಿಗೆ ಮಾಲು ಪಾರ್ಸಲ್‌ನಲ್ಲೇ ಬರುತ್ತದೆ. ಬಿಡಿಸಿಕೊಂಡು ಬರೋಕೆ ನಾನೇ ಹೋಗುತ್ತೇನೆ.